ರೇಟಪ್ಪನ ಹಳದಿ ಛತ್ರಿ

ಸೂರ್ಯ ಒಂದು ದಿನ ಬೇಜಾರಾಗಿ ರಜೆ ಹಾಕಿದರೂ ಹಾಕಬಹುದು, ರೇಟಪ್ಪ ಮಾತ್ರ ಬೆಲೆಯಲ್ಲಿ ಒಂದು ಕಾಸು ಇಳಿಸುವವನಲ್ಲ. ಬಕೆಟ್ಟು, ಬೀಗ, ಪೊರಕೆ, ಬಾಣಲೆ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಅವನು ಚೀಟಿ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಅವನೊಬ್ಬನೇ ಇದ್ದುದರಿಂದ ಮುಖ್ಯಸ್ಥನಾಗಲು ಅಂಥ ಪೈಪೋಟಿಯೇನೂ ನಡೆದಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ರೇಟು ಹೊಡೆಯುವ ಮೆಷಿನ್ನು ಹಿಡಿದು ಬಂದ ಸಾಮಾನಿಗೆಲ್ಲ ಟಕ್ ಟಕ್ ಎಂದು ಬೆಲೆಯ ಚೀಟಿ ಅಂಟಿಸುವುದು, ಯಾರಾದರೂ ಚೌಕಾಸಿಗೆ ಬಾಯಿ ತೆರೆದರೆ ಆ ಬಾಯಿಗೂ ಒಂದು ಚೀಟಿ ಅಂಟಿಸುವವನಂತೆ ನೋಡುವುದು, ಇಷ್ಟು ಅವನ ಕೆಲಸ.

"ಒಂದೇ ರೇಟು. ಚೀಟಿ ಮೇಲೆ ಏನಿದೆಯೋ ಅದೇ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ" ಎಂದು ಅವನು ಹೇಳುವಾಗ ಅಂಗಡಿಯ ಫ್ಯಾನುಗಳು ಕೂಡ ಅರೆಗಳಿಗೆ ನಿಂತು, ಕೇಳಿಸಿಕೊಂಡು, ಆಮೇಲೆ ತಿರುಗುತ್ತಿದ್ದವು. ಹೆತ್ತವರು ಇಟ್ಟ ಹೆಸರು ಊರಿಗೆ ಮರೆತುಹೋಗಿ, ಕಡೆಗೆ ಅವನಿಗೂ ಮರೆತುಹೋಗಿ, ಉಳಿದದ್ದು ರೇಟಪ್ಪ ಒಂದೇ.

ಈ ಧರ್ಮಯುದ್ಧದಲ್ಲಿ ಅವನು ಬಂಧು-ಬಳಗವನ್ನೂ ಬಿಟ್ಟವನಲ್ಲ. ಒಮ್ಮೆ ಅವನ ಭಾವಮೈದ, ಅಂದರೆ ಹೆಂಡತಿಯ ಸ್ವಂತ ತಮ್ಮ, ಬಕೆಟ್ಟು ಕೊಳ್ಳಲು ಬಂದ. ಉಳಿದಿದ್ದದ್ದು ಕೊನೆಯ ಬಕೆಟ್ಟು. ಲಾರಿಯಿಂದ ಇಳಿಸುವಾಗ ಬಿದ್ದು ಅದರ ಒಂದು ಮಗ್ಗುಲು ಒಳಕ್ಕೆ ಹೋಗಿತ್ತು.

"ಭಾವ, ಇದು ಸೊಟ್ಟ ಇದೆ. ಸ್ವಲ್ಪ ಇಳಿಸ್ಕೊಡಿ."

"ಸೊಟ್ಟ ಇರೋದು ಬಕೆಟ್ಟು ಕಣಯ್ಯ. ಚೀಟಿ ನೆಟ್ಟಗೇ ಇದೆಯಲ್ಲ!"

ಭಾವಮೈದ ಪೂರ್ತಿ ದುಡ್ಡು ಕೊಟ್ಟು ಬಕೆಟ್ಟು ಒಯ್ದ. ಆದರೆ ಅದಕ್ಕೆ ಒಂದು ತೊಟ್ಟು ನೀರು ಹಾಕಲಿಲ್ಲ. ನೀರು ತಗುಲಿದರೆ ಚೀಟಿ ಕಿತ್ತುಹೋಗುತ್ತದಲ್ಲ! ಮನೆಯ ಅಟ್ಟದ ಮೇಲೆ ಅದನ್ನು ಜೋಪಾನವಾಗಿಟ್ಟು, ನೆಂಟರಿಷ್ಟರು ಬಂದಾಗಲೆಲ್ಲ ಇಳಿಸಿ ತೋರಿಸುತ್ತಿದ್ದ. ಯಾವುದೋ ಯುದ್ಧದಲ್ಲಿ ಗೆದ್ದ ಫಿರಂಗಿಯನ್ನು ತೋರಿಸಿದಂತೆ.

ಇಂಥ ರೇಟಪ್ಪನಿಗೆ ಹೊಸ ಕಾರಿನ ಹುಚ್ಚು ಹಿಡಿಯಿತು.

ಹಿಡಿಯದೆ ಇನ್ನೇನು? ಹಳೆಯ ಕಾರಿನ ಎಡಗಡೆಯ ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರು; ಹಾರನ್ ಒಂದನ್ನು ಬಿಟ್ಟು ಬೇರೆಲ್ಲ ಸದ್ದು ಮಾಡುತ್ತಿತ್ತು. ಅಷ್ಟರಲ್ಲಿ ಈ ಹೊಸ ಮಾಡೆಲ್ಲು ಮಾರುಕಟ್ಟೆಗೆ ಬಂತು. ಪೇಪರಿನಲ್ಲಿ ಅದರ ಚಿತ್ರ, ಚಿತ್ರಕ್ಕಿಂತ ದೊಡ್ಡದಾಗಿ ಅದರ ಬೆಲೆ. ಬೆಲೆಯನ್ನು ಅಷ್ಟು ಧೈರ್ಯವಾಗಿ ಬರೆದ ಕಂಪನಿಯ ಮೇಲೆ ರೇಟಪ್ಪನಿಗೆ ಪ್ರೀತಿ ಉಕ್ಕಿತು. ಅಷ್ಟೂ ದುಡ್ಡು ಕೂಡಿಸಿಟ್ಟು, "ಚೀಟಿ ಮೇಲೆ ಏನಿದೆಯೋ ಅಷ್ಟೇ ಕೊಡೋದು" ಎಂದು ಬೀದಿಗೆಲ್ಲ ಸಾರಿ, ಇಸ್ತ್ರಿ ಅಂಗಿ ತೊಟ್ಟು ಶೋರೂಮಿಗೆ ಹೊರಟ.

ಹೊರಡುವಾಗ ಹೆಂಡತಿ ಒಂದು ಬಟ್ಟೆಯ ಗಂಟು ತಂದು ಅವನ ಅಂಗಿಯ ಒಳಜೇಬಿಗೆ ತುರುಕಿದಳು.

"ಬರ್ತಾ ಗಾರೆ ಮೇಸ್ತ್ರಿ ಮನೆಗೆ ಹೋಗಿ ಇದನ್ನ ಕೊಟ್ಬಿಡಿ. ಸೋಮವಾರ ಬರ್ತೀನಿ ಅಂದಿದಾನೆ."

ಅದು ಅವಳ ಕಿಟಕಿಯ ದುಡ್ಡು. ಆ ಮನೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಒಂದು ಬೋಳು ಗೋಡೆಯನ್ನೇ ನೋಡಿಕೊಂಡು, ಹೊಗೆ ಕುಡಿದುಕೊಂಡು ಅಡುಗೆ ಮಾಡಿದ್ದಳು. ಬೀದಿಯವರ ಪರದೆ ಹೊಲಿದು, ಪ್ಯಾಂಟಿನ ತುದಿ ಮಡಿಸಿ ಹೊಲಿದು, ಕಿತ್ತ ಜಿಪ್ಪು ಬದಲಿಸಿ, ಚೂರು ಚೂರೇ ಗಂಟು ಮಾಡಿದ್ದಳು. "ಒಲೆ ಮುಂದೆ ನಿಂತಾಗ ಎದುರಿಗೆ ಒಂದು ಮರ ಕಂಡ್ರೆ ಸಾಕು ನನಗೆ. ಮರ ಇಲ್ದಿದ್ರೆ ಪಕ್ಕದ ಮನೆ ಗೋಡೆನಾದ್ರೂ ಆದೀತು. ಗೋಡೆ ಬದಲಾದ್ರೂ ಸಾಕು" ಎನ್ನುತ್ತಿದ್ದಳು.

ಶೋರೂಮಿನ ನಟ್ಟನಡುವೆ ಕಾರು ನಿಂತಿತ್ತು. ರೇಟಪ್ಪನಿಗೆ ಕಾರಿಗಿಂತ ಮೊದಲು ಕಂಡದ್ದು ಅದರ ಗಾಜಿನ ಮೇಲಿನ ಬೆಲೆಯ ಚೀಟಿ. ನಾಲ್ಕು ಮೂಲೆಯೂ ಗಟ್ಟಿಯಾಗಿ ಅಂಟಿತ್ತು, ಗುಳ್ಳೆ ಇಲ್ಲ, ಸುಕ್ಕಿಲ್ಲ. ಅವನ ಕಣ್ಣು ತುಂಬಿ ಬಂತು. ಮ್ಯಾನೇಜರನ ಕಣ್ಣೂ ತುಂಬಿತ್ತು, ಅದು ಆಕಳಿಕೆಯಿಂದ. ಬೆಳಗಿನಿಂದ ಅದೇ ಮಾತನ್ನು ಎಲ್ಲರಿಗೂ ಹೇಳಿ ಹೇಳಿ ಆ ಮನುಷ್ಯನ ಟೈ ಕೂಡ ಸುಸ್ತಾಗಿ ಪಕ್ಕಕ್ಕೆ ವಾಲಿತ್ತು.

"ಈ ಕಾರು ಬೇಕು. ಚೀಟಿ ಮೇಲಿರೋ ರೇಟು ತಂದಿದೀನಿ" ಎಂದ ರೇಟಪ್ಪ.

"ಸಾರ್, ಅದು ಕಾರಿನ ರೇಟು."

"ನಾನು ತಗೊಳ್ತಿರೋದೂ ಕಾರೇ ಕಣ್ರೀ."

"ತಗೊಳ್ಳಿ, ಬೇಡ ಅಂದೋರು ಯಾರು? ಆದ್ರೆ ಆ ರೇಟಿಗೆ ಬೇಕು ಅಂದ್ರೆ ಕಾಯ್ಬೇಕು. ನಿಮ್ಮ ಮುಂದೆ ಇರೋ ಸಾಲು ಕರಗೋ ಹೊತ್ತಿಗೆ ಈ ಕಾರು ಮ್ಯೂಸಿಯಮ್ಮಿಗೆ ಹೋಗಿರುತ್ತೆ. ಟಿಕೆಟ್ ತಗೊಂಡು ಹೋಗಿ ನೋಡ್ಬಹುದು."

"ಈಗಲೇ ಬೇಕು ಅಂದ್ರೆ?"

"ಗೌರವ ಕಿಟ್ಟು ತಗೊಳ್ಬೇಕು."

ಮ್ಯಾನೇಜರು ಮೇಜಿನ ಅಡಿಯಿಂದ ಒಂದು ಡಬ್ಬ ಎಳೆದ. ಒಳಗೆ ಕಾರಿಗೆ ಹಾಸುವ ಮ್ಯಾಟು, ಆ ಮ್ಯಾಟು ಕೊಳೆಯಾಗದಂತೆ ಅದರ ಮೇಲೆ ಹಾಸುವ ಇನ್ನೊಂದು ಮ್ಯಾಟು, ಸ್ಟೀರಿಂಗಿಗೆ ತೊಡಿಸುವ ಒಂದು ಅಂಗಿ, ಒಂದು ಟೋಪಿ, ತಲೆನೋವು ಬರಿಸುವ ಸೆಂಟಿನ ಬಾಟಲಿ, ಎಲ್ಲಕ್ಕಿಂತ ಮೇಲೆ, ದೂರದ ಗ್ರಹಗಳಿಂದ ನೋಡಿದರೂ ಕಣ್ಣಿಗೆ ಹೊಡೆಯುವಂಥ ಒಂದು ಭಾರೀ ಹಳದಿ ಛತ್ರಿ. ಇಷ್ಟಕ್ಕೂ ಸೇರಿ ಅವನು ಹೇಳಿದ ಬೆಲೆ ಕೇಳಿ ರೇಟಪ್ಪ ಕುರ್ಚಿ ಹಿಡಿದುಕೊಂಡ. ಸರಿಯಾಗಿ ಒಂದು ಕಿಟಕಿ, ಅದರ ಚೌಕಟ್ಟು, ಮೇಸ್ತ್ರಿಯ ಕೂಲಿ.

"ಇದರ ಮೇಲೆ ಚೀಟೀನೇ ಇಲ್ಲವಲ್ರೀ!"

"ಗೌರವಕ್ಕೆ ಯಾರಾದ್ರೂ ಚೀಟಿ ಅಂಟಿಸ್ತಾರಾ ಸಾರ್?" ಎಂದು ಮ್ಯಾನೇಜರು ನಿಟ್ಟುಸಿರು ಬಿಟ್ಟ.

ರೇಟಪ್ಪ ಎದ್ದು ಹೊರಟೇಬಿಟ್ಟಿದ್ದ. ಸತ್ಯವಾಗಿ ಬಾಗಿಲ ತನಕ ಹೋಗಿದ್ದ. ಆಗಲೇ ಫೋನು ಹೊಡೆದುಕೊಂಡಿತು. ಭಾವಮೈದ.

"ಭಾವ, ಆ ಹೊಸ ಕಾರು ಇದೆಯಲ್ಲ, ನಾನೂ ತಗೊಳ್ತಿದೀನಿ. ಶೋರೂಮಿನೋರಿಗೆ ಫೋನ್ ಮಾಡಿದೀನಿ. ನಿಮ್ಮದು ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನನ್ನ ಕಾರಲ್ಲೇ ಒಂದು ಸುತ್ತು ಹೊಡೆಸ್ತೀನಿ."

ರೇಟಪ್ಪ ಬಾಗಿಲಿಂದ ವಾಪಸು ಬಂದ. ಒಳಜೇಬಿನ ಗಂಟು ಬಿಚ್ಚಿದ. ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡ: ಮನುಷ್ಯ ಗೋಡೆ ಕಟ್ಟಲು ಕಲಿತಂದಿನಿಂದ ಇಂದಿನವರೆಗೆ ಯಾವ ಗಾರೆ ಮೇಸ್ತ್ರಿಯೂ ಹೇಳಿದ ಸೋಮವಾರಕ್ಕೆ ಬಂದದ್ದಿಲ್ಲ. ಅವನು ಬರುವ ಹೊತ್ತಿಗೆ ಹೇಗಾದರೂ ಹೊಂದಿಸಿದರಾಯಿತು.

ಕಾರು ಬೀದಿಗೆ ಬಂದಾಗ ಎದುರುಮನೆಯ ನಿವೃತ್ತ ಬಸ್ ಕಂಡಕ್ಟರು ಎಲ್ಲರಿಗಿಂತ ಮೊದಲು ಗೇಟಿಗೆ ಬಂದರು. ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಆ ಬೀದಿಯಲ್ಲಿ ಯಾವ ಗಾಡಿಯೂ ಅವರ "ರೈಟ್" ಇಲ್ಲದೆ ಹೊರಡುತ್ತಿರಲಿಲ್ಲ, "ಹೋಲ್ಡಾನ್" ಇಲ್ಲದೆ ನಿಲ್ಲುತ್ತಿರಲಿಲ್ಲ.

"ಎಷ್ಟಾಯ್ತು ರೇಟಪ್ಪ?"

ರೇಟಪ್ಪ ಕತ್ತೆತ್ತಿ ನೋಡಿದ. ಸುತ್ತ ಬೀದಿಯೆಲ್ಲ ನೆರೆದಿತ್ತು. ಅವನಿಂದ ಪೂರ್ತಿ ಬೆಲೆಗೆ ಬೀಗ ಕೊಂಡವರು, ಪೊರಕೆ ಕೊಂಡವರು, ಬಾಣಲೆಯ ಹಿಡಿ ಸಡಿಲವಿದೆ ಎಂದು ಗೋಗರೆದು ಸೋತವರು, ಎಲ್ಲರೂ.

"ಇನ್ನೆಷ್ಟು? ಚೀಟಿ ಮೇಲೆ ಇದ್ದಷ್ಟೇ."

"ಅಬ್ಬಾ! ಎಲ್ರ ಹತ್ರ ಮೇಲೆ ಮೇಲೆ ಕೀಳ್ತಿದಾರಂತಲ್ಲ! ಮತ್ತೆ ಈ ಛತ್ರಿ?"

"ಅದು ಮ್ಯಾನೇಜರು ಪ್ರೀತಿಯಿಂದ ಕೊಟ್ಟಿದ್ದು. ನಾನು ಬೇಡ ಬೇಡ ಅಂದೆ."

ಸಂಜೆಗೆ ಭಾವಮೈದ ಓಡಿ ಬಂದ. ಕಾರಿನ ಸುತ್ತ ತಿರುಗಿದ, ಬಾಗಿಲು ತೆರೆದ, ಹಾಕಿದ, ಮತ್ತೆ ತೆರೆದ.

"ಭಾವ, ನನಗೆ ಏನೋ ಗೌರವ ಕಿಟ್ಟು ತಗೋ ಅಂತಾರೆ. ನಿಮಗೆ ಹೇಗೆ ಬರೀ ಚೀಟಿ ರೇಟಿಗೆ ಕೊಟ್ರು?"

"ಮಾತಾಡೋ ರೀತೀಲಿ ಮಾತಾಡ್ಬೇಕು ಕಣಯ್ಯ. ಮುಖ ನೋಡಿದ ತಕ್ಷಣ ಗೊತ್ತಾಗಬೇಕು ಅವರಿಗೆ, ಇವನ ಹತ್ರ ನಡೆಯಲ್ಲ ಅಂತ."

"ಹಾಗಾದ್ರೆ ನಾಳೆ ನನ್ನ ಜೊತೆ ಬಂದು ನಿಮ್ಮ ಮುಖ ತೋರಿಸಿ."

ರೇಟಪ್ಪ ಕೆಮ್ಮಿದ. ಬೆನ್ನುನೋವು ಎಂದ. ಕೆಲಸ ಇದೆ ಎಂದ. ಅಂಗಡಿಯ ಯಜಮಾನರು ರಜೆ ಕೊಡುವುದಿಲ್ಲ ಎಂದ. ಮರುದಿನ ಬೆಳಗ್ಗೆ ಅಂಗಡಿಗೆ ಕಾಲಿಟ್ಟರೆ ಯಜಮಾನರೇ ಚಪ್ಪಲಿ ಮೆಟ್ಟಿಕೊಂಡು ಕಾಯುತ್ತಿದ್ದರು.

"ಏನಯ್ಯ ರೇಟಪ್ಪ, ನನ್ನ ಅಂಗಡೀಲಿ ತಯಾರಾದ ಪ್ರತಿಭೆ, ನನಗೇ ಉಪಯೋಗಕ್ಕೆ ಬರಬೇಡ್ವಾ? ನಡಿ ಶೋರೂಮಿಗೆ. ನನಗೂ ಒಂದು ಕಾರು ಬೇಕು, ಚೀಟಿ ರೇಟಿಗೆ. ಆಗಲಿಲ್ಲ ಅಂದ್ರೆ ನಿನ್ನ ಆ ಮೆಷಿನ್ನು ಬೇರೆಯೋರ ಕೈಗೆ ಕೊಡ್ತೀನಿ."

ಹೀಗೆ ಯಜಮಾನರು, ಭಾವಮೈದ, ಕಂಡಕ್ಟರು ಮೂವರೂ ಸೇರಿ ರೇಟಪ್ಪನನ್ನು ಮಧ್ಯೆ ಇಟ್ಟುಕೊಂಡು ಹೊರಟರು. ನೋಡಿದವರಿಗೆ ಮದುಮಗನ ಮೆರವಣಿಗೆಯೋ ಪೊಲೀಸರು ಕಳ್ಳನನ್ನು ಒಯ್ಯುತ್ತಿರುವುದೋ ತಿಳಿಯುವಂತಿರಲಿಲ್ಲ. ರೇಟಪ್ಪನಿಗೂ ತಿಳಿಯಲಿಲ್ಲ. ಅವನ ಕಾಲು ಮಾತ್ರ ಎರಡನೆಯದನ್ನೇ ನಂಬಿತ್ತು.

ಶೋರೂಮಿನ ಬಾಗಿಲಲ್ಲಿ ಮ್ಯಾನೇಜರು ಕಂಡೊಡನೆ ರೇಟಪ್ಪ ಹಿಂದಿದ್ದವರಿಗೆ ಕಾಣದಂತೆ ಕಣ್ಣು ಹೊಡೆದ. "ಮಾರಾಯ, ಕಿಟ್ಟಿನ ವಿಷಯ ಬಾಯಿ ಬಿಡಬೇಡ" ಎಂದು ಅದರ ಅರ್ಥ. ಭಯಕ್ಕೆ ಒಂದು ಸಾರಿ ಹೊಡೆಯಬೇಕಾದ ಕಣ್ಣು ಪಟಪಟ ಹೊಡೆದುಕೊಳ್ಳತೊಡಗಿತು. ಇನ್ನು ಕೈ ಸುಮ್ಮನಿರಬೇಕಲ್ಲ? ಅದು ತನ್ನಷ್ಟಕ್ಕೆ ಕಾರಿನ ಬಳಿ ಹೋಗಿ ಬೆಲೆಯ ಚೀಟಿಯ ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿತು. ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಹೊಡೆದಿದ್ದಾರೆಯೇ ಎಂದು ಹೀಗೆ ಕೆರೆದು ನೋಡುವುದು ಅವನ ಕಸುಬಿನ ಚಟ. ಮಲಗಿದಾಗ ದಿಂಬಿನ ಮೂಲೆಯನ್ನೂ ಹಾಗೇ ಕೆರೆಯುತ್ತಾನೆ.

ಮ್ಯಾನೇಜರನ ಬೆನ್ನಲ್ಲಿ ತಣ್ಣಗೆ ಬೆವರು ಇಳಿಯಿತು. ಕಂಪನಿಯ ಮುಖ್ಯ ಕಚೇರಿಯವರು ಸಾಮಾನ್ಯ ಗಿರಾಕಿಗಳ ವೇಷದಲ್ಲಿ ಗುಟ್ಟಾಗಿ ತನಿಖೆಗೆ ಬರುತ್ತಾರೆ ಎಂದು ಅವನು ಕೇಳಿದ್ದ. ಈಗ ರೇಟಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ಸಾಧಾರಣವಾಗಿ ಕಾಣುವ ಮನುಷ್ಯ ನಿಜವಾಗಿಯೂ ಸಾಧಾರಣನಾಗಿರಲು ಸಾಧ್ಯವೇ ಇಲ್ಲ! ಮೊದಲ ಸಾರಿ ಬಂದು ಕಿಟ್ಟು ಕೊಂಡು ಹೋದ, ಅದು ಸಾಕ್ಷಿಗೆ. ಈಗ ಮೂವರು ಅಧಿಕಾರಿಗಳನ್ನು ಕಟ್ಟಿಕೊಂಡು ಬಂದಿದ್ದಾನೆ. ಕಣ್ಣು ಬೇರೆ ಹೊಡೆಯುತ್ತಿದ್ದಾನೆ.

"ಬನ್ನಿ ಸಾರ್, ಬನ್ನಿ! ಚೀಟಿ ರೇಟು ತಾನೇ? ನಮ್ಮಲ್ಲಿ ಬೇರೆ ರೇಟೇ ಇಲ್ಲ! ಕಿಟ್ಟಾ? ಯಾವ ಕಿಟ್ಟು? ಆ ಪದಾನೇ ನಾನು ಕೇಳಿಲ್ಲ!"

ಮೂವರಿಗೂ ಕಾರು ಸಿಕ್ಕಿತು, ಚೀಟಿಯ ಮೇಲಿದ್ದ ಬೆಲೆಗೆ, ಛತ್ರಿಯಿಲ್ಲದೆ. ಅವರು ರೇಟಪ್ಪನನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ.

"ಏನು ಕಣ್ಣೋಟ ಮಾರಾಯ! ಒಂದು ಮಾತಾಡಲಿಲ್ಲ! ಬರೀ ಚೀಟಿ ಮುಟ್ಟಿದ, ಮ್ಯಾನೇಜರು ಒದ್ದೆಯಾಗಿಬಿಟ್ಟ!" ಎಂದರು ಕಂಡಕ್ಟರು.

ಆ ವಾರ ರೇಟಪ್ಪನಿಗೆ ನಿದ್ದೆಯಿಲ್ಲ. ಪಕ್ಕದ ಬೀದಿಯವರು, ಅದರ ಪಕ್ಕದ ಬೀದಿಯವರು, ಹೆಂಡತಿಯ ಚಿಕ್ಕಮ್ಮನ ನಾದಿನಿಯ ಗಂಡ, ಅವನ ಹಲ್ಲು ಕಿತ್ತ ಡಾಕ್ಟರು, ಎಲ್ಲರೂ ಬಂದು "ಸುಮ್ನೆ ಬಂದು ಆ ಕಾರಿನ ಹತ್ರ ನಿಂತ್ಕೊಳ್ಳಿ ಸಾಕು" ಎಂದು ಎಳೆದೊಯ್ದರು. ಅವನು ನಿಂತ. ನಿಂತು ನಿಂತು ಪಾದ ಊದಿಕೊಂಡವು. ಅವನು ನಿಂತಲ್ಲೆಲ್ಲ ಬೆಲೆ ಬಿದ್ದುಹೋಯಿತು. ಇಡೀ ಊರಿನಲ್ಲಿ ಆ ಕಾರಿಗೆ ಮೇಲೆ ದುಡ್ಡು ಕೊಟ್ಟು, ಅದನ್ನು ಹೇಳಿಕೊಳ್ಳಲಾಗದೆ, ಬೇರೆಯವರಿಗೆ ಕಮ್ಮಿಗೆ ಕೊಡಿಸುತ್ತ ತಿರುಗಿದವನು ಅವನೊಬ್ಬನೇ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಒಬ್ಬನೇ ಶೋರೂಮಿಗೆ ಹೋದ.

"ನೋಡಿ, ಎಲ್ರಿಗೂ ಚೀಟಿ ರೇಟಿಗೆ ಕೊಟ್ರಿ. ನನ್ನ ಕಿಟ್ಟಿನ ದುಡ್ಡು ವಾಪಸ್ ಕೊಟ್ಬಿಡಿ."

ಮ್ಯಾನೇಜರು ಬಾಗಿಲು ಮುಚ್ಚಿ, ತಗ್ಗಿದ ದನಿಯಲ್ಲಿ ನಕ್ಕ.

"ಸಾರ್, ನಾನೇನು ಮೊನ್ನೆ ಹುಟ್ಟಿದೋನಾ? ನಾನು ದುಡ್ಡು ಕೊಡ್ತೀನಿ, ನೀವು ತಗೊಳ್ತೀರಿ, ಆಮೇಲೆ ತನಿಖೆ ಮಾಡೋಕೆ ಬಂದೋರಿಗೆ ಲಂಚ ಕೊಟ್ಟ ಅಂತ ನನ್ನನ್ನ ಕೆಲಸದಿಂದ ಮನೆಗೆ ಕಳಿಸ್ತೀರಿ. ನಿಮ್ಮ ಪರೀಕ್ಷೆ ನನಗೆ ಅರ್ಥ ಆಯ್ತು. ನಾನು ಪಾಸು!"

"ಪರೀಕ್ಷೆಯಲ್ಲ ಮಾರಾಯ! ನಾನು ಬಕೆಟ್ಟಿಗೆ ಚೀಟಿ ಹೊಡೆಯೋನು!"

"ಆಹಾ! ಎಂಥ ವೇಷ ಸಾರ್! ಬೇರೆ ಯಾರಿಗೂ ಹೊಳೀತಿರಲಿಲ್ಲ!" ಎಂದು ಮ್ಯಾನೇಜರು ಎದ್ದು ನಿಂತು ಕೈಮುಗಿದ. ಹೊರಡುವಾಗ ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಇನ್ನೊಂದು ಹಳದಿ ಛತ್ರಿ ಕೊಟ್ಟ.

ಸೋಮವಾರ ಬಂತು. ಗಾರೆ ಮೇಸ್ತ್ರಿಯೂ ಬಂದ.

ಈ ಸಂಗತಿಯನ್ನು ಯಾರೂ ನಂಬುವುದಿಲ್ಲ, ಆದರೆ ಬೀದಿಗೆ ಬೀದಿಯೇ ಸಾಕ್ಷಿ ಇದೆ. ಹೇಳಿದ ದಿನ, ಹೇಳಿದ ಹೊತ್ತಿಗೆ, ಸುತ್ತಿಗೆ ಉಳಿ ಹಿಡಿದು ಬಂದ. ರೇಟಪ್ಪ ಅಂಗಡಿಯಲ್ಲಿದ್ದ. ಸಂಜೆ ಮನೆಗೆ ಬಂದರೆ ಅಡುಗೆಮನೆಯ ಗೋಡೆಯಲ್ಲಿ ಒಂದು ಎಮ್ಮೆ ಸಲೀಸಾಗಿ ಬಂದು ಹೋಗುವಷ್ಟು ದೊಡ್ಡ ತೂತು. ಅದರಾಚೆ ನಿಜವಾಗಿಯೂ ಒಂದು ಮರ. ತೂತಿನ ಮುಂದೆ ಹೆಂಡತಿ ಸೊಂಟದ ಮೇಲೆ ಕೈ ಇಟ್ಟು ನಿಂತು ಮರ ನೋಡುತ್ತಿದ್ದಳು. ಅಷ್ಟು ಸಂತೋಷ ಅವಳ ಮುಖದಲ್ಲಿ ರೇಟಪ್ಪ ಹಿಂದೆಂದೂ ಕಂಡಿರಲಿಲ್ಲ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ. "ಯಜಮಾನ್ರೇ, ಚೌಕಟ್ಟು ಬಡಗಿ ಮನೇಲಿ ಸಿದ್ಧ ಇದೆ. ದುಡ್ಡು ಕೊಟ್ರೆ ತಂದು ಕೂರಿಸ್ತೀನಿ. ನನಗೆ ಇನ್ನೂ ಮುಟ್ಟಿಲ್ಲ."

"ಮುಟ್ಟಿಲ್ವಾ?" ಎಂದು ಹೆಂಡತಿ ತಿರುಗಿದಳು. "ಏನ್ರೀ, ಅವತ್ತೇ ಕೊಟ್ಟೆ ಅಂದ್ರಿ?"

"ಕೊಟ್ಟೆ ಅಂದ್ರೆ, ಕೊಡ್ತೀನಿ ಅಂತ. ಬ್ಯಾಂಕಲ್ಲಿ ಇಟ್ಟಿದೀನಿ. ಬ್ಯಾಂಕು ಈಗ... ಸ್ವಲ್ಪ ರಿಪೇರಿ ನಡೀತಿದೆ."

"ಬ್ಯಾಂಕಿಗೂ ಕಿಟಕಿ ಇಡಿಸ್ತಿದಾರಾ?" ಎಂದಳು ಹೆಂಡತಿ. ಮೇಸ್ತ್ರಿ, "ದುಡ್ಡು ಬಂದಾಗ ಕರೀರಿ, ಮುಂದಿನ ಸೋಮವಾರ ಬರ್ತೀನಿ" ಎಂದು ಹೇಳಿ ಹೋದ. ಅವನ ಆ ಮಾತಿನಲ್ಲಿ ಗಾರೆ ಕೆಲಸದವರ ಹಳೆಯ ಧಾಟಿ ಮರಳಿ ಬಂದಿತ್ತು.

ಮರುದಿನ ಮಳೆ ಹಿಡಿಯಿತು. ಅಂಥಿಂಥ ಮಳೆಯಲ್ಲ, ಆಕಾಶಕ್ಕೇ ಯಾರೋ ಉಳಿ ಇಟ್ಟು ಹೊಡೆದ ಹಾಗಿತ್ತು. ತೂತಿನಿಂದ ನೀರು ಒಲೆಯ ಮೇಲೆ, ಬಟ್ಟಲ ಮೇಲೆ, ಹೆಂಡತಿಯ ಬೆನ್ನ ಮೇಲೆ. ರೇಟಪ್ಪ ಎರಡೂ ಹಳದಿ ಛತ್ರಿ ಬಿಚ್ಚಿ ತೂತಿಗೆ ಸಿಕ್ಕಿಸಿದ. ಹೆಂಡತಿ ಒಲೆಯ ಮುಂದೆ ನಿಂತು, ಮರ ಕಾಣಬೇಕಾದ ಕಡೆ ಛತ್ರಿಯ ಹೊಟ್ಟೆಯನ್ನು ಬಹಳ ಹೊತ್ತು ನೋಡಿದಳು.

"ರೀ, ಇದು ಪ್ರೀತಿಯಿಂದ ಕೊಟ್ಟಿದ್ದು ಅಂದ್ರಲ್ಲ. ಎರಡೆರಡಾ?"

"ಪ್ರೀತಿ ಜಾಸ್ತಿ ಆಯ್ತು" ಎಂದ ರೇಟಪ್ಪ, ಗೋಡೆಗೆ ಒರಗಿ. ಅವನಿಗೆ ಸುಳ್ಳು ಹೇಳುವ ಶಕ್ತಿಯೂ ಮುಗಿಯುತ್ತ ಬಂದಿತ್ತು.

ಈ ನಡುವೆ ಭಾವಮೈದ ಒಂದು ಘನಕಾರ್ಯ ಮಾಡಿದ. ತನಗಾದ ಉಪಕಾರ ತಡೆದುಕೊಳ್ಳಲಾರದೆ ಕಾರು ಕಂಪನಿಗೆ ಫೋನು ಮಾಡಿ, "ಚೀಟಿ ಮೇಲೆ ಇರೋ ರೇಟಿಗೇ ಕಾರು ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್" ಎಂದ. ಆ ಕಡೆಯ ಹೆಂಗಸು, "ಅದಕ್ಕೆ ಯಾಕೆ ಥ್ಯಾಂಕ್ಸ್ ಸಾರ್? ಅದೇ ತಾನೇ ರೇಟು?" ಎಂದು ಕೇಳಿದಳು. ಭಾವಮೈದ ಎಲ್ಲ ವಿವರಿಸಿದ. ಕಿಟ್ಟು, ಗೌರವ, ಭಾವನ ಕಣ್ಣು, ಎಲ್ಲ. ಫೋನು ಇಡುವಷ್ಟರಲ್ಲಿ ಕಂಪನಿಯ ಬುಡ ಅಲ್ಲಾಡಿತ್ತು. ಭಾನುವಾರ ಶೋರೂಮಿನಲ್ಲಿ ಸಭೆ. ಮುಖ್ಯ ಕಚೇರಿಯ ಅಧಿಕಾರಿಯೇ ಬರುತ್ತಾರೆ. ಚೀಟಿಗಿಂತ ಹೆಚ್ಚು ದುಡ್ಡು ಕೊಟ್ಟವರಿಗೆ ಅಲ್ಲೇ, ಆಗಲೇ ವಾಪಸು ಕೊಡುತ್ತಾರೆ ಎಂದು ಸುದ್ದಿ ಬಂತು.

ರೇಟಪ್ಪನಿಗೆ ದಾರಿ ಕಂಡಂತಾಯಿತು. ಗುಟ್ಟಾಗಿ ಹೋಗಿ, ಗುಟ್ಟಾಗಿ ಇಸಿದುಕೊಂಡು, ನೇರ ಮೇಸ್ತ್ರಿಯ ಮನೆಗೆ. ಭಾನುವಾರ ಹೊರಗೆ ಸುರಿಯುತ್ತಿತ್ತು. ಕಾರು ತೆಗೆಯುವ ಮಾತೇ ಇರಲಿಲ್ಲ. ಹೊಸ ಕಾರು, ಮಳೆಯಲ್ಲಿ ತೆಗೆದರೆ ಕೆಸರು ಹಾರುವುದಿಲ್ಲವೇ? ತೂತಿನಿಂದ ಒಂದು ಹಳದಿ ಛತ್ರಿ ಕಿತ್ತುಕೊಂಡು ಬಸ್ಸು ಹಿಡಿದ.

ಶೋರೂಮಿಗೆ ಕಾಲಿಟ್ಟರೆ ಮುಂದಿನ ಸಾಲಿನಲ್ಲಿ ಭಾವಮೈದ, ಯಜಮಾನರು, ಕಂಡಕ್ಟರು!

"ಬನ್ನಿ ಭಾವ! ನಿಮಗೇ ಜಾಗ ಹಿಡಿದಿದೀವಿ. ನಿಮಗೆ ಸನ್ಮಾನ ಮಾಡಿ ಅಂತ ನಾನೇ ಹೇಳ್ತೀನಿ."

ಎರಡು ಕಡೆಯಿಂದಲೂ ಹಿಡಿದು ಅವನನ್ನು ಕೂರಿಸಿಕೊಂಡರು. ಶೋರೂಮು ಭರ್ತಿಯಾಗಿತ್ತು. ಅಧಿಕಾರಿ ದೊಡ್ಡ ಕನ್ನಡಕದವರು, ರಾತ್ರಿಯೆಲ್ಲ ಪ್ರಯಾಣ ಮಾಡಿ ದಣಿದವರು. ಪಕ್ಕದಲ್ಲಿ ಮ್ಯಾನೇಜರು ಅರ್ಧಕ್ಕೆ ಇಳಿದುಹೋಗಿದ್ದ. ರೇಟಪ್ಪನನ್ನು ಕಂಡು ಸಣ್ಣಗೆ ಕಣ್ಣು ಹೊಡೆದ, ಕಾಪಾಡಿ ಎಂಬಂತೆ.

"ಕಿಟ್ಟಿನ ಹೆಸರಲ್ಲಿ ಹೆಚ್ಚು ದುಡ್ಡು ಕೊಟ್ಟವರು ದಯವಿಟ್ಟು ಕೈ ಎತ್ತಿ" ಎಂದರು ಅಧಿಕಾರಿ.

ಯಾರ ಕೈಯೂ ಏಳಲಿಲ್ಲ. ರೇಟಪ್ಪನ ಬಲಗೈ ತೊಡೆಯ ಮೇಲೆ ಒಂದು ಅಂಗುಲ ಎದ್ದಿತು. ಭಾವಮೈದ ತಿರುಗಿ ನೋಡಿದ. ಕೈ ತಲೆಗೆ ಹೋಗಿ, ತುರಿಸಿಕೊಂಡು, ಕೆಳಗಿಳಿಯಿತು. ಕಣ್ಣ ಮುಂದೆ ಒಂದು ಕಡೆ ಗೋಡೆಯ ತೂತು, ಇನ್ನೊಂದು ಕಡೆ ಸೊಟ್ಟ ಬಕೆಟ್ಟು.

"ಯಾರೂ ಇಲ್ವಾ? ಸರಿಯಾಗಿ ಯೋಚನೆ ಮಾಡಿ. ಯಾರೂ ಇಲ್ಲ ಅಂದ್ರೆ ನಾನು ಸಂಜೆ ಬಸ್ಸಿಗೆ ವಾಪಸ್ ಹೋಗ್ತೀನಿ."

"ಇಲ್ಲ ಸಾರ್, ನಮ್ಮಲ್ಲಿ ಒಂದೇ ರೇಟು!" ಎಂದು ಮ್ಯಾನೇಜರು ಅರಳಿದ.

ಅಷ್ಟರಲ್ಲಿ ಬಾಗಿಲ ಬಳಿ ಏನೋ ಗಲಾಟೆ. ರೇಟಪ್ಪನ ಹೆಂಡತಿ ನಿಂತಿದ್ದಳು. ತೂತಿನಲ್ಲಿ ಉಳಿದಿದ್ದ ಇನ್ನೊಂದು ಛತ್ರಿಯನ್ನು ಹಿಡಿದು, ಗಂಡನ ಬೆನ್ನು ಹತ್ತಿ, ಮೊಣಕಾಲ ತನಕ ನೆನೆದು ಬಂದಿದ್ದಳು. ಛತ್ರಿ ಇಡಲು ಬಾಗಿಲ ಪಕ್ಕದ ಡ್ರಮ್ಮಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು. ಡ್ರಮ್ಮಿನ ತುಂಬ ಹಳದಿ ಛತ್ರಿ. ಡ್ರಮ್ಮು ಸಾಲದೆ ಗೋಡೆಗೆ ಒರಗಿಸಿದ ಹಳದಿ ಛತ್ರಿ. ನೀರು ಸೋರುತ್ತ ಒಂದರ ಮೇಲೊಂದು ಬಿದ್ದ ಹಳದಿ ಛತ್ರಿ. ಹೊಸ ಕಾರು ಕೊಂಡವರೆಲ್ಲ ಕಾರು ನೆನೆಯುತ್ತದೆಂದು ಮನೆಯಲ್ಲಿ ಬಿಟ್ಟು, ಛತ್ರಿ ಹಿಡಿದು, ಬಸ್ಸಿನಲ್ಲಿ ಬಂದಿದ್ದರು.

"ರೀ!" ಎಂದು ಅಲ್ಲಿಂದಲೇ ಕೂಗಿದಳು. "ಈ ಮ್ಯಾನೇಜರಿಗೆ ಇಷ್ಟೊಂದು ಜನದ ಮೇಲೆ ಪ್ರೀತಿನಾ?"

ಸಭೆಯೆಲ್ಲ ತಿರುಗಿ ಛತ್ರಿಗಳನ್ನು ನೋಡಿತು. ಇಸ್ತ್ರಿ ಅಂಗಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ತಕ್ಷಣ ಬೇರೆ ಕಡೆ ನೋಡಿದರು. ಎಷ್ಟು ಬೀದಿಗಳಲ್ಲಿ ಎಷ್ಟು ಗಂಡಸರು "ಮ್ಯಾನೇಜರು ಪ್ರೀತಿಯಿಂದ ಕೊಟ್ಟದ್ದು" ಎಂದಿದ್ದರೋ!

ಅವಳು ನೇರ ಅಧಿಕಾರಿಯ ಮೇಜಿನ ಬಳಿ ಹೋದಳು.

"ಸ್ವಾಮಿ, ಈ ಛತ್ರಿಗೆ ಎಷ್ಟು?"

"ನಮ್ಮ ಕಂಪನಿ ಛತ್ರಿ ಮಾಡಲ್ಲಮ್ಮ."

"ನನಗೂ ಹಾಗೇ ಅನ್ನಿಸ್ತು. ಹಿಡೀರಿ ಹಾಗಾದ್ರೆ." ಛತ್ರಿಯನ್ನು ಮೇಜಿನ ಮೇಲೆ ಇಟ್ಟಳು. ನೀರು ಅಧಿಕಾರಿಯ ಕೋಟಿನ ತೋಳಿಗೆ ಹರಿಯಿತು. "ಇದನ್ನ ನೀವು ತಗೊಳ್ಳಿ. ನನ್ನ ಕಿಟಕಿ ನನಗೆ ಕೊಡಿ."

ಕಿಟಕಿಯ ವಿಷಯ ಅಧಿಕಾರಿಗೆ ಅರ್ಥವಾಗಲಿಲ್ಲ. ರೇಟಪ್ಪನಿಗೆ ಆಯಿತು. ಅವನು ಎದ್ದ. ಎರಡೂ ಪಕ್ಕದವರು ಅವನ ತೋಳು ಹಿಡಿದೇ ಇದ್ದುದರಿಂದ ಅವರನ್ನೂ ಅರ್ಧ ಎಬ್ಬಿಸಿಕೊಂಡೇ ಎದ್ದ. ಬಲಗೈ ಎತ್ತಿದ. ಜೀವಮಾನದಲ್ಲಿ ಅಷ್ಟು ಭಾರದ ಸಾಮಾನನ್ನು ಅವನು ಎತ್ತಿರಲಿಲ್ಲ.

"ನಾನು ಕೊಟ್ಟಿದೀನಿ ಸಾರ್. ಚೀಟಿಗಿಂತ ಹೆಚ್ಚು. ಚೌಕಾಸೀನೂ ಮಾಡ್ಲಿಲ್ಲ."

"ಅಯ್ಯಯ್ಯೋ!" ಎಂದು ಮ್ಯಾನೇಜರು ಕುಸಿದು ಕೂತ. "ಹಾಗಾದ್ರೆ ನೀವು ನಿಜವಾಗ್ಲೂ ಬಕೆಟ್ಟಿನೋರಾ?"

ಹಿಂದೆ ಒಂದು ಕೈ ಎದ್ದಿತು. ಅದರ ಪಕ್ಕ ಇನ್ನೊಂದು. ಆಮೇಲೆ ಕೈಗಳ ಕಾಡೇ ಎದ್ದಿತು. "ಮುಂದೆ ಹೋಗಿ, ಮುಂದೆ ಹೋಗಿ, ಒಬ್ಬೊಬ್ಬರೇ! ಚಿಲ್ಲರೆ ಕೊಡಿ, ಛತ್ರಿ ಕೊಡಿ!" ಎಂದು ಕಂಡಕ್ಟರು ಯಾರೂ ಕೇಳದೆಯೇ ಸಾಲಿನ ಜವಾಬ್ದಾರಿ ವಹಿಸಿಕೊಂಡರು. ಅಂಗಡಿಯ ಯಜಮಾನರು ರೇಟಪ್ಪನನ್ನು ಬಹಳ ಹೊತ್ತು ನೋಡಿ, "ಮೆಷಿನ್ನು ನಿನ್ನ ಹತ್ರಾನೇ ಇರಲಿ ಬಿಡಯ್ಯ. ಬೇರೆ ಏನೂ ನಿನ್ನ ಕೈಲಿ ಆಗಲ್ಲ" ಎಂದರು.

ಒಬ್ಬೊಬ್ಬರೂ ಛತ್ರಿ ಕೊಟ್ಟು ದುಡ್ಡು ತಗೊಂಡು ಹೊರಗೆ ಬಂದರು. ಬಂದ ಮೇಲೆ ಗೊತ್ತಾಯಿತು, ಮಳೆ ನಿಂತಿಲ್ಲ. ಊರಿನ ಅತ್ಯಂತ ಹೊಸ ಕಾರುಗಳ ಮಾಲೀಕರೆಲ್ಲ ಬಸ್‌ಸ್ಟಾಪಿನಲ್ಲಿ ತೊಪ್ಪೆಯಾಗಿ ಸಾಲು ನಿಂತರು. ಯಾರೂ ಯಾರ ಕಾರಿನ ಬಗ್ಗೆಯೂ ಕೇಳಲಿಲ್ಲ.

ರೇಟಪ್ಪ ದುಡ್ಡಿನ ಗಂಟನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಅವನ ಜೇಬಿಗೆ ಹಾಕಲಿಲ್ಲ. ತನ್ನ ಸೆರಗಿಗೆ ಕಟ್ಟಿಕೊಂಡು, ಎರಡು ಸಾರಿ ಎಳೆದು ನೋಡಿದಳು.

"ಮೇಸ್ತ್ರಿ ಮುಂದಿನ ಸೋಮವಾರ ಬರ್ತೀನಿ ಅಂದಿದಾನೆ. ಅಂದ್ರೆ ಯಾವಾಗ ಬರ್ತಾನೋ. ಅಲ್ಲಿ ತನಕ ಆ ನೀರು ಯಾವುದ್ರಲ್ಲಿ ಹಿಡಿಯೋದು? ಇದ್ದ ಛತ್ರೀನೂ ಹೋಯ್ತು."

ಹಿಂದಿನಿಂದ ಒಂದು ಕರಿ ಛತ್ರಿ ಬಂದು ಇಬ್ಬರ ತಲೆಯ ಮೇಲೂ ಅರ್ಧರ್ಧ ನಿಂತಿತು. ಭಾವಮೈದ. ಅವನದು ಸ್ವಂತ ದುಡ್ಡಿನದು. ಭಾವ ಕೈ ಎತ್ತಿದ್ದನ್ನು ಕಂಡಾಗಿನಿಂದ, ಅಷ್ಟು ದೊಡ್ಡ ಸಂತೋಷವನ್ನು ಯಾವ ಕಡೆಯಿಂದ ಬಾಯಿಗೆ ಹಾಕಿಕೊಳ್ಳುವುದೆಂದು ಅವನಿಗೇ ತಿಳಿಯದೆ ಒದ್ದಾಡುತ್ತಿದ್ದ.

"ಅಕ್ಕ, ನೀರು ಹಿಡಿಯೋಕೆ ನಮ್ಮನೇಲಿ ಒಂದು ಬಕೆಟ್ಟಿದೆ. ಹೊಚ್ಚ ಹೊಸದು. ಒಂದು ತೊಟ್ಟು ನೀರು ಮುಟ್ಟಿಸಿಲ್ಲ."

ರೇಟಪ್ಪ ಕಣ್ಣು ಮುಚ್ಚಿದ.

"ಸ್ವಲ್ಪ ಸೊಟ್ಟ ಇದೆ" ಎಂದ ಭಾವಮೈದ, "ಆದ್ರೆ ಚೀಟಿ ನೆಟ್ಟಗೇ ಇದೆ ಭಾವ. ಒಂದೇ ರೇಟು."

ದೂರದಲ್ಲಿ ಬಸ್ಸು ಬರುವುದು ಕಂಡಿತು. ರೇಟಪ್ಪ ಒದ್ದೆ ಜೇಬಿಗೆ ಕೈ ಹಾಕಿ, ಇದ್ದದ್ದನ್ನು ತೆಗೆದು, ಎಣಿಸಿ, ಚೀಟಿಯ ಮೇಲಿದ್ದಷ್ಟನ್ನೂ ಕೊಟ್ಟ. ಆ ಬೆಲೆ ಅವನಿಗೆ ಬಾಯಿಪಾಠವಿತ್ತು.